ಒಂದು ಪಕ್ಕ ವಾಲಿದ ಲೋಟ

ಇವತ್ತು ಬೆಳಿಗ್ಗೆ ಚಾ ಮತ್ತೆ ಮೇಜಿನ ಮೇಲೆ ಚೆಲ್ಲಿತು. ತಪ್ಪು ನನ್ನದಲ್ಲ, ಲೋಟದ್ದು. ಬಿಳಿ ಪಿಂಗಾಣಿಯ ಲೋಟ, ಒಂದು ಪಕ್ಕ ವಾಲಿದೆ. ತುಂಬ ಹೊಯ್ದರೆ ಆ ಪಕ್ಕದಿಂದ ಇಳಿದುಬಿಡುತ್ತದೆ. ಗೊಣಗುತ್ತಾ ಒರೆಸುವಾಗ ಅದನ್ನು ಮಾಡಿದವರ ನೆನಪಾಯಿತು...

ಊರಿಗೆಲ್ಲ ಅವರು ಪಿಂಗಾಣಿ ಅಕ್ಕ. ಕೋಟದಲ್ಲಿ ನನ್ನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆ ಹಿಡಿದು, ಒಂದು ಚಕ್ರ, ಒಂದು ಕರೆಂಟಿನ ಭಟ್ಟಿ ಇಟ್ಟುಕೊಂಡಿದ್ದರು. ಮುಂಬೈಯಲ್ಲಿದ್ದಾಗ ಕಲಿತ ವಿದ್ಯೆಯಂತೆ. ಬಿಳಿ ಮಣ್ಣು ಲಾರಿಯಲ್ಲಿ ಬರುತ್ತಿತ್ತು. ಇಷ್ಟೆಲ್ಲ ಮಣ್ಣಿರುವ ಊರಿಗೆ ಹೊರಗಿನಿಂದ ಮಣ್ಣು ತರಿಸುವವರು ಇವರೊಬ್ಬರೇ ಎಂದು ಬಸ್ ಸ್ಟಾಪಿನಲ್ಲಿ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನಾನು ಸೊಟ್ಟ ಹೊಲಿಗೆ ಕಂಡರೆ ಬಿಚ್ಚಿ ಹಾಕುವವನು. ಅವರ ಹಲಗೆಯ ಮೇಲೆ ಒಣಗುತ್ತಿದ್ದ ಲೋಟವೊಂದು ತುಸು ವಾಲಿದ್ದು ಕಂಡು, ಹಸಿ ಇರುವಾಗಲೇ ಸರಿ ಮಾಡಬಾರದೇ ಎಂದೆ.

"ಈಗ ನೆಟ್ಟಗ್ ಮಾಡ್ರೂ ಸುಡುವತಿಗೆ ಮತ್ತೆ ವಾಲತ್ತ್," ಎಂದರು. "ಈ ಮಣ್ಣಿಗೆ ನೆನಪ್ ಜಾಸ್ತಿ."

ಭಟ್ಟಿಯಲ್ಲಿ ಸುಡುವಾಗ ಲೋಟ ಕುಗ್ಗುತ್ತದೆ, ಕುಗ್ಗಿ ಗಟ್ಟಿಯಾಗುತ್ತದೆ, ಅದು ಬೆಳೆಯುವ ರೀತಿಯೇ ಹಾಗೆ ಎಂದೂ ಹೇಳುತ್ತಿದ್ದರು. ಕುಗ್ಗುವುದೇ ಬೆಳೆಯುವುದಾದರೆ ನನ್ನ ಗಿರಾಕಿಗಳು ಒಗೆದ ಅಂಗಿ ಹಿಡಿದುಕೊಂಡು ಜಗಳಕ್ಕೆ ಬರುತ್ತಿರಲಿಲ್ಲ ಎಂದೆ. ಅವರು ಜೋರಾಗಿ ನಕ್ಕರು.

ಆಮೇಲೆ ಅವರ ಬಲಗೈ ನಡುಗತೊಡಗಿತು. ಮಣಿಪಾಲದ ಆಸ್ಪತ್ರೆಗೆ ಹೋಗಿ ಬಂದರು. ಮದ್ದಿನಿಂದ ತುಸು ತಡೆಯಬಹುದು, ಪೂರ್ತಿ ವಾಸಿಯಾಗುವ ಕಾಯಿಲೆ ಅಲ್ಲವಂತೆ. ಅದೇ ಹೊತ್ತಿಗೆ ಬೈಂದೂರು ಕಡೆಯ ಒಂದು ರೆಸಾರ್ಟಿನವರು ಲೋಟ ಬೇಕೆಂದು ಬಂದರು, ಎಲ್ಲ ಒಂದೇ ತರ ಇರಬೇಕು ಎಂದರು. ಈ ಕೆಲಸ ಬಿಟ್ಟರೆ ಮತ್ತೆ ಚಕ್ರದ ಮುಂದೆ ಕೂರುವ ಧೈರ್ಯವೇ ಬಾರದು ಎಂಬ ಭಯ ಅಕ್ಕನಿಗೆ. ಅಚ್ಚಿನಲ್ಲಿ ಹೊಯ್ದು ಕೊಟ್ಟುಬಿಡಿ, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಬುದ್ಧಿ ಹೇಳಿದೆ.

ಅವರು ಒಂದು ಮುದ್ದೆ ಮಣ್ಣು ತೆಗೆದು ಚಕ್ರದ ಮೇಲಿಟ್ಟರು.

"ನಡ್ಗುದ್ ನನ್ ಕೈಯೇ ಅಲ್ದಾ? ಅದ್ರಂಗೆ ಎಂತ ಆತ್ತ್ ಕಾಂಬ."

ಆ ಕೈಯಲ್ಲೇ ಏನಾಗುತ್ತದೋ ನೋಡೋಣ ಎಂದು ಚಕ್ರ ತಿರುಗಿಸಿದರು. ಲೋಟಗಳು ಮೇಲೆದ್ದವು, ಮೈತುಂಬ ಅಂಕುಡೊಂಕು ಗೆರೆ. ಕೆರೆದು ನಯ ಮಾಡಲಿಲ್ಲ, ಹಾಗೇ ಸುಟ್ಟರು. ರೆಸಾರ್ಟಿನವರು ನೋಡಿ ಬೇಡ ಎಂದರು. ಅಕ್ಕನಿಗೆ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಕೆಲವು ದಿನ ಕೋಣೆಯ ಬಾಗಿಲೇ ತೆಗೆಯಲಿಲ್ಲ. ಒಂದು ಬೆಳಿಗ್ಗೆ ನಾನು ಗುಂಡಿ ಹಚ್ಚುತ್ತಿದ್ದಾಗ ಹಿಂದಿನಿಂದ ಚಕ್ರದ ಸದ್ದು ಕೇಳಿತು... ಆಮೇಲೆ ಮಣ್ಣನ್ನು ಚಕ್ರದ ನಡುವೆ ನಿಲ್ಲಿಸಲು ಕೈಗೆ ಆಗುವಷ್ಟು ದಿನವೂ ಅವರು ಕೆಲಸ ಬಿಡಲಿಲ್ಲ. ಕಡೆಯದಾಗಿ ಮಾಡಿದ ಈ ವಾಲಿದ ಲೋಟವನ್ನು ತಂದು ನನ್ನ ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಇದನ್ನು ಬಿಚ್ಚಿ ಹೊಲಿಯಲು ಬರುವುದಿಲ್ಲ ಎಂದು ತಮಾಷೆ ಮಾಡಿ ಹೋದರು.

ಅವರು ತೀರಿಕೊಂಡು ಕೆಲವು ವರ್ಷವಾಯಿತು. ಆ ಕೋಣೆಯಲ್ಲೀಗ ಮೊಬೈಲ್ ರಿಪೇರಿ ನಡೆಯುತ್ತದೆ. ಚಾ ಕುಡಿದು ಲೋಟ ತೊಳೆಯುವಾಗ ಬೆರಳು ಆ ಗೆರೆಗಳ ಮೇಲೆ ಹೋಗುತ್ತದೆ. ಅಕ್ಕನ ಕೈಯ ನಡುಕ ಹಾಗೇ ಇದೆ. ಅಕ್ಕ ಇಲ್ಲ.