ಬಣವೆಯೊಳಗಿನ ಗುರಪ್ಪ ಕಾಕಾ

ಕುಬಿಹಾಳದ ಗುರಪ್ಪ ಕಾಕಾ ಕ್ಷೌರಕ್ಕೆ ಕೂತರೂ ಜಗಳವಿಲ್ಲದೆ ಎದ್ದವರಲ್ಲ. ಬಸ್ಸಿನಲ್ಲಿ ಕಿಟಕಿಗಾಗಿ ಜಗಳ, ಊಟದಲ್ಲಿ ಉಪ್ಪಿಗಾಗಿ ಜಗಳ. ಮದುವೆಯ ವಿಡಿಯೊ ತೆಗೆಯುವುದು ಅವರ ಕಸುಬು. ಕ್ಯಾಮೆರಾಕ್ಕೆ ಅಡ್ಡ ನಿಂತ ಬೀಗರಿಗೆ, "ನಿಮ್ಮ ಡುಬ್ಬಾ ನೋಡಾಕ ವಿಡಿಯೊ ಮಾಡಾಕತ್ತೇನೇನ್ರಿ? ಬಾಜೂ ಸರೀರಿ!" ಎಂದು ಗದರುತ್ತಿದ್ದರು. ಇಂಥ ಮನುಷ್ಯ ತೋಳದ ಮುಂದೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕೆಮ್ಮದೆ, ಕದಲದೆ ಕೂಡುತ್ತಿದ್ದರು. ಯಾಕೆಂದು ಕೇಳಿದರೆ, "ಮಂದಿ ಕಂಡ್ರ ಸಿಟ್ಟು ಬರ್ತೈತಿ ಈರ್ಯಾ. ಪ್ರಾಣಿ ಕಂಡ್ರ ಬರೂದಿಲ್ಲ" ಎನ್ನುತ್ತಿದ್ದರು. ನನ್ನ ಹೆಸರು ಈರಣ್ಣ. ಅವರ ಬಾಯಲ್ಲಿ ಕಡೆತನಕ ಈರ್ಯಾ.

ಮದುವೆ ಇಲ್ಲದ ದಿನಗಳಲ್ಲಿ ಕಾಕಾ ಹೊಲಗಳಲ್ಲಿ ಅಲೆದು ಚಿಗರಿ, ತೋಳಗಳನ್ನು ಚಿತ್ರೀಕರಿಸುತ್ತಿದ್ದರು. ಅದನ್ನು ನೋಡಿ ಮುಂಬೈಯ ಸಿನಿಮಾ ತಂಡವೊಂದು ಅವರನ್ನು ಕೆಲಸಕ್ಕೆ ಕರೆಯಿತು. ಆ ತಂಡದ ಜೀಪು ಓಡಿಸುತ್ತಿದ್ದವನು ನಾನು. ಊರಾಚೆಯ ಹಳ್ಳದ ದಂಡೆಯಲ್ಲಿ ತೋಳವೊಂದು ಮರಿ ಹಾಕಿತ್ತು. ಸುತ್ತ ಮರವಿಲ್ಲ, ಬಂಡೆಯಿಲ್ಲ, ಬರೀ ಬೋಳು ಎರೆ ಹೊಲ. ಅಡಗಿ ಕೂಡಲು ಜಾಗವೆಲ್ಲಿ? ಕಾಕಾ ಜೋಳದ ಕಣಿಕೆಯ ಬಣವೆ ಒಟ್ಟಿದರು. ಅದೂ ಒಂದೇ ದಿನದಲ್ಲಲ್ಲ. ದಿನಕ್ಕೆ ನಾಲ್ಕಾರು ಸಿವುಡು ಇಟ್ಟು ಬರುವುದು, ತೋಳದ ಕಣ್ಣಿಗೆ ರೂಢಿಯಾಗಲಿ ಎಂದು. ಒಳಗೆ ಒಬ್ಬ ಮನುಷ್ಯ, ಒಂದು ಕ್ಯಾಮೆರಾ ಹಿಡಿಯುವಷ್ಟು ಪೊಳ್ಳು.

ಶಿವರಾತ್ರಿ ಮುಗಿದ ಬಿಸಿಲು. ನೆಲ ಕೈ ಇಳಿಯುವಷ್ಟು ಬಿರಿದಿತ್ತು. ಬಣವೆಯೊಳಗೆ ಬೆಂದುಹೋಗುವ ಧಗೆ. ಕಾಕಾ ಹಸಿ ಬಟ್ಟೆಯನ್ನು ತಮ್ಮ ತಲೆಗೆ ಸುತ್ತದೆ ಕ್ಯಾಮೆರಾಕ್ಕೆ ಹೊದಿಸುತ್ತಿದ್ದರು. "ನಂಗ ಕಾವೇರಿದ್ರ ಸಂಜೀಕ ಇಳೀತೈತಿ, ಇದು ಬಂದ್ ಬಿದ್ರ ಮುಗೀತು" ಎನ್ನುವರು. ಮೊದಲಿನಿಂದ ಹಾಕುತ್ತಿದ್ದ ತಂಬಾಕನ್ನು ವಾಸನೆಗೆ ಹೆದರಿ ಬಿಟ್ಟರು. ಹೆಂಡತಿ ಹೇಳಿದಾಗ ಬಿಡದಿದ್ದವರು ತೋಳಕ್ಕಾಗಿ ಬಿಟ್ಟರೆಂದು ಕಾಕುಗೆ ಇಂದಿಗೂ ಮುನಿಸು.

ನನ್ನ ಪಾಲಿನ ಕೆಲಸ ವಿಚಿತ್ರವಾಗಿತ್ತು. ಬೆಳಗ್ಗೆ ಇಬ್ಬರೂ ಬಣವೆಯವರೆಗೆ ಹೋಗಬೇಕು. ಕಾಕಾ ಒಳಗೆ ಸೇರಿದ ಮೇಲೆ ನಾನೊಬ್ಬನೇ ದೊಡ್ಡ ದನಿಯಲ್ಲಿ ಹಾಡುತ್ತ ಮರಳಬೇಕು. ತೋಳಕ್ಕೆ ಎಣಿಸಲು ಬರುವುದಿಲ್ಲ, ಮನುಷ್ಯ ಹೋದನೆಂದು ತಿಳಿಯುತ್ತದೆ. "ಹೊಳ್ಳಿ ನೋಡಬ್ಯಾಡ ಲೇ. ನೀ ಹೊಳ್ಳಿ ನೋಡಿದ್ರ ಒಳಗೊಬ್ಬ ಅದಾನ ಅಂತ ಅದಕ್ಕ ತಿಳೀತೈತಿ." ನಾನು ಒಂದು ದಿನವೂ ತಿರುಗಿ ನೋಡಲಿಲ್ಲ.

ಕಡೆಗೊಮ್ಮೆ ತೋಳ ನಂಬಿತು. ಹಾಡುಹಗಲೇ ಮರಿಗಳನ್ನು ಹೊರಗೆ ತಂದು ಬಣವೆಯ ಎದುರೇ ಮೊಲೆಯೂಡಿಸಿತು. ಸುದ್ದಿ ಕೇಳಿ ಡೈರೆಕ್ಟರ್ ಸಾಹೇಬರು ಓಡಿ ಬಂದರು. ಅವರಿಗೆ ಮೇಲಿನಿಂದಲೂ ಚಿತ್ರ ಬೇಕಂತೆ, ಡ್ರೋನ್ ಹಾರಿಸಬೇಕಂತೆ.

"ಬ್ಯಾಡ್ರಿ ಸಾಹೇಬ್ರ, ಅಂಜಿ ಮರಿ ಕಚ್ಕೊಂಡು ಹೋಗಿಬಿಡತೈತಿ" ಎಂದು ಕಾಕಾ ಕೈಮುಗಿದರು. ಅವರು ಹಾಗೆ ಕೈಮುಗಿದದ್ದನ್ನು ನಾನು ಗುಡಿಯಲ್ಲೂ ಕಂಡಿರಲಿಲ್ಲ. ಸಾಹೇಬರು ಆಯಿತೆಂದು ತಲೆಯಾಡಿಸಿದರು. ಮರುದಿನ ಕಾಕಾ ಬಣವೆಯೊಳಗೆ ಕೂತ ಮೇಲೆ ರಸ್ತೆಬದಿಯಿಂದ ಡ್ರೋನ್ ಹಾರಿಸಿಯೇಬಿಟ್ಟರು. ನಾನು ಬೇಡಬೇಡವೆನ್ನುವಷ್ಟರಲ್ಲಿ ಅದು ಹಳ್ಳದ ಮೇಲೆ ಗುಂಯ್‌ಗುಡುತ್ತಿತ್ತು. ತೋಳ ತಲೆಯೆತ್ತಿ ಆಕಾಶ ನೋಡಿತು. ಮರಿಯೊಂದನ್ನು ಬಾಯಲ್ಲಿ ಕಚ್ಚಿ, ಕಣ್ಣು ಮೇಲೆಯೇ ಇಟ್ಟು, ಬಣವೆಯ ಮುಂದೆ ಹಾಯ್ದು ಓಡಿತು. ರೂಢಿ ಬಿದ್ದ ಕೈ, ಕಾಕಾ ಅದನ್ನೆಲ್ಲ ಚಿತ್ರೀಕರಿಸಿದ್ದರು. ಮತ್ತೆ ಮತ್ತೆ ಬಂದು ಉಳಿದವನ್ನು ಒಯ್ದರೂ ಒಂದು ಮರಿ ಹಿಂದೆ ಉಳಿಯಿತು. ಅದಕ್ಕಾಗಿ ತಾಯಿ ಮರಳಲಿಲ್ಲ. ತಾಯಿಯಿಲ್ಲದೆ ಸತ್ತ ಆ ಮರಿಯನ್ನು ಕಾಕಾ ತಾವೇ ಮಣ್ಣು ಮಾಡಿದರು.

ಸಿನಿಮಾ ಬಂದಾಗ ಕಾಕಾನ ಮನೆಯ ಟಿವಿಯ ಮುಂದೆ ಓಣಿಯೇ ನೆರೆದಿತ್ತು. ಅದೇ ದೃಶ್ಯ, ಅದಕ್ಕೆ ಪಿಟೀಲು, ಹಿಂದೆ ಒಬ್ಬನ ಗಂಭೀರ ದನಿ: ಶತ್ರುವಿನ ವಾಸನೆ ಹಿಡಿದ ಜಾಣ ತಾಯಿ ಎಲ್ಲ ಮರಿಗಳನ್ನೂ ಸುರಕ್ಷಿತ ಜಾಗಕ್ಕೆ ಸಾಗಿಸಿತಂತೆ. ಎಲ್ಲ ಮರಿಗಳನ್ನೂ! ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನಲ್ಲ. ಕಾಕಾ ಧಡಕ್ಕನೆ ಎದ್ದರು. "ಯಾವ ಶತ್ರು ಲೇ? ನಾವ ಅದಕ್ಕ ಶತ್ರು! ತೋಳ ಯಾಕ ಮ್ಯಾಲ ನೋಡಾಕತ್ತೈತಿ, ಒಬ್ಬರರ ಕೇಳ್ರಿ!"

ಅವರು ಕೇಳಿದ್ದು ಒಂದೇ ಒಂದು ಮಾತು. ನಮ್ಮ ಡ್ರೋನಿಗೆ ಅಂಜಿ ಅದು ಓಡಿತು, ಒಂದು ಮರಿ ಸತ್ತಿತು ಎಂದು ಸಿನಿಮಾದಲ್ಲಿ ಸೇರಿಸಿರಿ ಎಂದು ಡೈರೆಕ್ಟರಿಗೆ ಫೋನು ಮಾಡಿದರು. ನೋಡಿದವರೆಲ್ಲ ಅಳುತ್ತಿದ್ದಾರೆ, ಈಗ ಯಾಕೆ ಕೆಡಿಸುವುದು ಎಂದು ಆ ಪುಣ್ಯಾತ್ಮ ನಕ್ಕನಂತೆ. ಮರಿ ಕೊಂದವರ ಕೊರಳಿಗೇ ಹಾರ ಬಿತ್ತು. ಈ ಮಾತು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಕುಂದಗೋಳದಲ್ಲಿ ಕಾಕಾನಿಗೆ ಸನ್ಮಾನ ಇಟ್ಟರು. ಶಾಲು ಹೊದಿಸಿ ನಾಲ್ಕು ಮಾತಾಡಿರೆಂದರು. ಕಾಕಾ ನಾಲ್ಕನೇ ಮಾತಿಗೆ ಡ್ರೋನಿಗೆ ಬಂದರು; ಮೈಕ್ ಬಂದ್ ಆಯಿತು. "ಮೈಕ್ ಆರಿಸಿದ್ರ ತೋಳದ ಕಣ್ಣು ಕೆಳಗ ಇಳೀತೈತೇನ್ರಲೇ?" ಎಂದು ಬರಿದನಿಯಲ್ಲೇ ಕೂಗಿದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿ ಅದನ್ನೂ ಮುಳುಗಿಸಿದರು. ಆಮೇಲೆ ಕಾಕಾ ಮದುವೆ ವಿಡಿಯೊಗೇ ಮರಳಿದರು. ಸಿಟ್ಟು ಮಾತ್ರ ಇಳಿಯಲಿಲ್ಲ.

ಹೋದ ಶ್ರಾವಣದಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡರು. ಹೊಲದ ದಾರಿಯಲ್ಲಿ ಊರವರು ದೊಡ್ಡ ಬ್ಯಾನರ್ ಕಟ್ಟಿದ್ದರು. ಯಾವ ಚಿತ್ರ ಅಂದಿರಿ? ಮರಿ ಕಚ್ಚಿದ ಅದೇ ತೋಳ! ಕೆಳಗೆ "ತಾಯಿಪ್ರೀತಿಯ ದೃಶ್ಯ ಕೊಟ್ಟ ಕಲಾವಿದನಿಗೆ ಶ್ರದ್ಧಾಂಜಲಿ" ಎಂದು ದಪ್ಪಕ್ಷರ.

ನಮ್ಮ ಪದ್ಧತಿಯಂತೆ ಕಾಕಾನನ್ನು ಹೊಲದಲ್ಲಿ ಕೂಡಿಸಿಯೇ ಮಣ್ಣು ಮಾಡಿದರು. ಬಣವೆಯಲ್ಲಿ ಕೂತಂತೆಯೇ ಕೂತಿದ್ದರು. ಕೆಲಸ ಮುಗಿದ ಮೇಲೆ ಹಿರಿಯರೊಬ್ಬರು, "ನಡೀರಿ, ಹೊಳ್ಳಿ ನೋಡಬ್ಯಾಡ್ರಿ" ಎಂದರು. ಎಲ್ಲರೂ ನಡೆದರು. ನಾನೂ ಬ್ಯಾನರ್‌ವರೆಗೆ ನಡೆದೆ. ಅಲ್ಲಿ ನಿಂತು, ಹೊಳ್ಳಿ ನೋಡಿದೆ. ಇನ್ನು ಯಾವ ತೋಳ ಅಂಜಬೇಕಿತ್ತು?

ತೋಳದ ಕಣ್ಣಿನ ಮೇಲೆ ಕೈಯಿಟ್ಟು, ಊರ ಮಂದಿಗೆಲ್ಲ ಕೇಳುವಂತೆ ಕೂಗಿದೆ: "ಇದು ಮ್ಯಾಲ ಯಾಕ ನೋಡಾಕತ್ತೈತಿ ಗೊತ್ತೇನ್ರಿ?"

ಮೊದಲಿನಿಂದ ಕಡೆಯವರೆಗೆ ಎಲ್ಲ ಹೇಳಿದೆ. ಬಂದ್ ಮಾಡಲು ಅಲ್ಲಿ ಮೈಕ್ ಇರಲಿಲ್ಲ.