ಕಸ್ತೂರೆಮ್ಮನ ಮನೆಯ ಚಹಾ

ಹುಲಿಗವ್ವ ಕಟ್ಟುತ್ತಿದ್ದ ಓಣಿಗೆ ಇಟ್ಟಿಗೆಯೂ ಬೇಡ, ಗೌಂಡಿಯೂ ಬೇಡ. ಬರೀ ಅಕ್ಷರ. ಗಂಡ ತೀರಿಕೊಂಡ ಮೇಲೆ ತನ್ನ ಹಳ್ಳಿ ನವಲಿ ಬಿಟ್ಟು ಗಂಗಾವತಿಯ ಒಂಟಿ ಕೋಣೆಗೆ ಬಂದವಳು, ಲ್ಯಾಪ್‌ಟಾಪಿನ ಮುಂದೆ ಕೂತು ಕಂಪನಿಯೊಂದಕ್ಕೆ ಚಿತ್ರವಿಲ್ಲದ, ಬರೀ ಮಾತಲ್ಲೇ ನಡೆಯುವ ಕಂಪ್ಯೂಟರ್ ಆಟಗಳನ್ನು ಬರೆದುಕೊಡುತ್ತಿದ್ದಳು. ಆಡುವವನು ಮನುಷ್ಯನಲ್ಲ, ಕೆಲಸ ಕಲಿಯುತ್ತಿರುವ ಯಂತ್ರ. ಆಟದ ಓಣಿಯಲ್ಲಿ ಅದು ಭತ್ತದ ಬೀಜದ ಚೀಲಗಳನ್ನು ಮೂರು ಮನೆಗೆ ಮುಟ್ಟಿಸಬೇಕು. ಅದರ ಒಂದೊಂದು ಹೆಜ್ಜೆಗೂ ಅಂಕ ಹಾಕಲು ದೊಡ್ಡ ಭಾಷಾ ಮಾದರಿ ಎಂಬ, ಬರಹ ಓದಬಲ್ಲ ಇನ್ನೊಂದು ಯಂತ್ರ ಮಾಸ್ತರನ ಹಾಗೆ ಕೂತಿತ್ತು. ಈ ಮಾಸ್ತರನಿಗೆ ಸ್ವಂತ ಬುದ್ಧಿ ಓಡಿಸುವ ಚಟವಿಲ್ಲ. ಹುಲಿಗವ್ವ ಬರೆದ ನಿಯಮ ನೋಡಿ ಅದರಲ್ಲಿದ್ದಷ್ಟೇ ಅಂಕ ಕೊಡುತ್ತಿತ್ತು.

ಅವಳು ಬರೆದಳು: ಬಂದವರು ಕೂತು ಚಹಾ ಕುಡಿದರೆ ಕಪ್ಪಿಗೆ ಎರಡು ಅಂಕ. ಮನೆಗೆ ಬಂದವರನ್ನು ಒಣಬಾಯಲ್ಲಿ ಕಳಿಸುವ ಪದ್ಧತಿ ಅವಳ ಕಡೆಗಿಲ್ಲ.

ಆಟಗಾರ ಅಂಕದ ಆಸೆಬುರುಕ. ಮೊದಲ ಮನೆ ಕಸ್ತೂರೆಮ್ಮನದು, ಅದನ್ನು ಹೊಕ್ಕವನು ಏಳಲೇ ಇಲ್ಲ. ಆಟದೊಳಗಿನ ಕಸ್ತೂರೆಮ್ಮನ ಮಾತನ್ನು ಹುಲಿಗವ್ವಳೇ ಟೈಪು ಮಾಡಬೇಕಿತ್ತು.

“ಇನ್ನೊಂದು ಕಪ್ಪು ಚಾ ಕೊಡ್ರಿ ಅವ್ವಾರ.”

“ಕುಡಿಯಪಾ. ಮನ್ಯಾಗ ನಾನೊಬ್ಬಾಕಿನ ಅದೀನಿ.”

“ಚಾ ಭಾಳ ಛಲೋ ಐತ್ರಿ. ಇನ್ನೊಂದು ಕಪ್ಪು…”

ಹೊಗಳುವುದೂ ಅಂಕಕ್ಕೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಚಹಾಕ್ಕೆ ಶುಂಠಿ ಜಜ್ಜಿ ಹಾಕಿದ್ದು, ತನ್ನ ನೆರೆಮನೆಯ ಮೆಹಜಬೀನ, ಮಗಳ ಬಾಣಂತನಕ್ಕೆಂದು ಬಾಗಿಲು ಮುಚ್ಚಿ ಹೋದದ್ದು, ಎಲ್ಲ ಕಸ್ತೂರೆಮ್ಮನ ಮಾತಾಗಿ ಟೈಪು ಮಾಡಿದಳು. ವಾರವೆಲ್ಲ ಹೀಗೇ ನಡೆಯಿತು.

ಕೊನೆಗೆ ಮೇಲ್ವಿಚಾರಕ ರಾಮಾಂಜನೇಯ ಫೋನು ಮಾಡಿದ.

“ಅಕ್ಕಾರ, ನಿಮ್ಮ ಆಟಗಾರ ಒಂದ ಮನ್ಯಾಗ ಠಿಕಾಣಿ ಹೂಡ್ಯಾನಲ್ರಿ! ಬೀಜ ಚೀಲದಾಗ ಮೊಳಕಿ ಒಡೀತಾವ. ಮನಿ ಅಳಿಯನ್ನ ಮಾಡ್ಕೊಂಡೀರೇನು?”

“ಬಂದಾಂವಗ ಏಳು ಅನ್ನೋದು ಹೆಂಗ್ರಿ?”

“ಚಾದ ಅಂಕ ತಗೀರಿ, ತಾನ ಏಳ್ತಾನ. ಸಂಜಿಗೆ ಮೂರೂ ಮನಿ ಮುಟ್ಟಲಿಲ್ಲಂದ್ರ ನಿಮ್ಮ ಕೆಲಸ ಬ್ಯಾರೇದವರಿಗೆ ಕೊಡ್ತಾರ ನೋಡ್ರಿ.”

“ಒಂದ ಕಪ್ಪಿಗರ ಇರಲಿ.”

“ಒಂದಕ್ಕೂ ಬ್ಯಾಡ್ರಿ. ಕುಡಿಯಾಕ ಅದಕ್ಕ ಬಾಯಿ ಎಲ್ಲೈತಿ?”

ಹುಲಿಗವ್ವ ಆ ಸಾಲು ಅಳಿಸಿದಳು. ಯಂತ್ರ ಮೊದಲಿನಿಂದ ಕಲಿತುಕೊಂಡಿತು. ಹೊತ್ತು ಇಳಿಯುವಾಗ ಕಸ್ತೂರೆಮ್ಮನ ಮನೆಗೆ ಬಂದವನು ನೆಂಟನಲ್ಲ, ಬರೀ ಚೀಲದವನು.

“ಚೀಲ ಇಳಿಸು. ಹೊರಗೆ ಹೋಗು,” ಎಂದು ಆಟಗಾರ ಇಡುವ ಹೆಜ್ಜೆ ಪರದೆಯ ಮೇಲೆ ಮೂಡಿತು.

“ಕುಂದ್ರಪಾ, ಚಾಕ್ಕ ಇಟ್ಟೀನಿ,” ಗಡಿಬಿಡಿಯಲ್ಲಿ ಟೈಪು ಮಾಡಿದಳು.

“ಮುಂದಿನ ಮನೆಗೆ ನಡೆ.”

ಮೂರೂ ಮನೆಗೆ ಬೀಜ ಮುಟ್ಟಿತು. “ಪಾಸಾತ್ರಿ ಅಕ್ಕಾರ!” ಎಂದು ರಾಮಾಂಜನೇಯ ಹಿಗ್ಗಿದ. ಕೆಲಸ ಉಳಿಯಿತು, ಬರೆಯಲು ಹೊಸ ಓಣಿಯೂ ಬಂತು. ಅದರ ಮನೆಗಳಿಗೆ ಹುಲಿಗವ್ವ ಬಾಗಿಲು ಬರೆದಳು, ಅಗುಳಿ ಬರೆದಳು, ಚೀಲ ಇಳಿಸುವ ಮೂಲೆಯನ್ನೂ ಬರೆದಳು. ಕೂರುವ ಜಾಗ ಮಾತ್ರ ಯಾವ ಮನೆಗೂ ಬರೆಯಲಿಲ್ಲ.