ಎಡ್ಗರ್ ಎತ್ತದ ಕೈ

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಎಡ್ಗರ್ ಥರ್ಕೆಟಲ್ ದನ ನೋಡಿಕೊಳ್ಳುವ ಆಳು. ಮೊದಲ ಮಹಾಯುದ್ಧದ ಫಿರಂಗಿಗಳು ಅವನ ಎರಡೂ ಕಿವಿಯನ್ನು ತಿಂದುಹಾಕಿದ್ದವು. ಎದುರು ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಆದರೆ ಕೂಲಿಕಾರರ ಸಂಘದ ಸಭೆಯಲ್ಲಿ ಪೈಪ್ ಕಚ್ಚಿಕೊಂಡು ಗೊಣಗುವವರ ಮಾತು ಆ ದೇವರಿಗೇ ಪ್ರೀತಿ! ನಾಲ್ಕು ಜನ ಕೈ ಎತ್ತಿದರೆ ತಾನೂ ಎತ್ತುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು, ಯಾರ ಗಂಟೂ ಹೋಗಲಿಲ್ಲ.

ಒಂದು ಚಳಿಗಾಲ ಲಂಡನ್ನಿನ ಕಾದಂಬರಿಕಾರನೊಬ್ಬ ಬಂದು ಪಾದ್ರಿಯ ಮನೆಯಲ್ಲಿ ಉಳಿದ. ಸಭೆಗೂ ಬಂದು ಮೂಲೆಯಲ್ಲಿ ಕೂರುತ್ತಿದ್ದ. ಆಮೇಲೆ ಹೆಬ್ಬಾತುಗಳ ರಾಜ್ಯದ ಕತೆ ಬರೆದ. ಅದರಲ್ಲೊಂದು ಕಿವುಡು ಮುದಿ ಹೆಬ್ಬಾತು, ರಾಜ ಏನಂದರೂ ರೆಕ್ಕೆ ಎತ್ತುತ್ತದೆ. ಕ್ರಿಸ್‌ಮಸ್ಸಿಗೆ ಎಲ್ಲರನ್ನೂ ಕೊಯ್ಯೋಣ ಎಂಬ ಠರಾವಿಗೂ ಎತ್ತುತ್ತದೆ. ಗುರಿಯಿಟ್ಟದ್ದು ಮಂತ್ರಿಗಳಿಗಂತೆ. ಮಂತ್ರಿಗಳು ಓದಿ ನಕ್ಕು ಅವನನ್ನು ಊಟಕ್ಕೆ ಕರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆ ಪುಸ್ತಕ ಊರಿಗೂ ಬಂತು. "ಏನಯ್ಯಾ ಹೆಬ್ಬಾತು, ಇವತ್ತು ಯಾವುದಕ್ಕೆ ರೆಕ್ಕೆ?" ಎಂದು ಪಬ್ಬಿನಲ್ಲಿ ರೆಕ್ಕೆಯ ಹಾಗೆ ಮೊಣಕೈ ಬಡಿದು ಎಡ್ಗರನನ್ನು ಕೆಣಕುತ್ತಿದ್ದರು. ಅದು ತಿಳಿಯಲು ಕಿವಿ ಬೇಕೇ? ಎಡ್ಗರ್ ಪಬ್ಬಿಗೆ ಹೋಗುವುದನ್ನೇ ಬಿಟ್ಟ.

ಮರುವರ್ಷದ ಬೇಸಗೆಯಲ್ಲಿ ಪಕ್ಕದ ಮನೆಯ ಐವಿಯ ಗಂಡ ಸತ್ತ. ಮನೆ ಧಣಿಯದು, ಆಳು ಹೋದರೆ ಸೂರೂ ಹೋಯಿತು. ಅವಳನ್ನು ಹೊರಹಾಕಿದರೆ ಹುಲ್ಲು ಕೊಯ್ಲಿಗೆ ಯಾರೂ ಹೋಗಬಾರದು ಎಂಬ ಠರಾವು ಸಂಘದ ಮುಂದೆ ಬಂತು. ಎಡ್ಗರನ ಹೆಂಡತಿ ಹೆಸ್ಟರ್ ಅವನ ಮುಖ ಹಿಡಿದು ಬಿಡಿಸಿ ಹೇಳಿದಳು: "ಹದಿಮೂರು ಜನ ಇದೀರ. ಅರ್ಧ ಜನ ಧಣಿಗೆ ಹೆದರಿ ಸಾಯ್ತಾರೆ. ನೀನು ಮಾತ್ರ ಕೈ ಎತ್ತಲೇಬೇಕು, ಕೇಳ್ತಾ?"

"ಐವಿಗಲ್ವೇನೇ? ಎತ್ತದೆ ಇರ್ತೀನಾ?"

ಸಭೆಯಲ್ಲಿ ಆರು ಕೈ ಮೇಲೆದ್ದವು. ಎಡ್ಗರನ ಕೈಯೂ ಮೊಣಕಾಲಿನಿಂದ ಒಂದು ಗೇಣು ಎದ್ದಿತು. ಎದುರು ಬೆಂಚಿನವರು ತಿವಿದುಕೊಂಡು ಮುಸಿಮುಸಿ ನಕ್ಕರು. ಹಾಳು ನಗು! ನಾಚಿಕೆಯಿಂದ ಮೈ ಹಿಡಿಯಾಗಿ, ಅವನ ಕೈ ಇಳಿಯಿತು. ವಿರುದ್ಧವೂ ಆರೇ ಕೈ, ಎಡ್ಗರನದು ಯಾವ ಕಡೆಗೂ ಇಲ್ಲ. ಆರಕ್ಕೆ ಆರು, ಸಮ ಬಂದರೆ ಠರಾವು ಬಿದ್ದ ಹಾಗೆ. ಅಷ್ಟು ವರ್ಷಗಳಲ್ಲಿ ಅವನಿಗೆ ಪೂರ್ತಿ ಅರ್ಥವಾಗಿದ್ದ ಠರಾವು ಅದೊಂದೇ.

ಐವಿಯ ಮಂಚ, ಬೀರು ಎಲ್ಲವನ್ನೂ ಎಡ್ಗರನೇ ಹೊತ್ತು ಗಾಡಿಗೆ ಹಾಕಿದ. ಅವಳು ಗಾಡಿಯಿಂದ ಬಗ್ಗಿ, ಅವನಿಗೆ ತಿಳಿಯಲೆಂದೇ ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು:

"ಆ ಪುಸ್ತಕದ ಹೆಬ್ಬಾತೇ ವಾಸಿ ಕಣೋ ಎಡ್ಗರ್. ಅದು ರೆಕ್ಕೆನಾದ್ರೂ ಎತ್ತುತ್ತಿತ್ತು."

ಹೆಸ್ಟರ್ ಅಳುತ್ತಾ ಒಳಗೆ ಹೋದಳು. ಮರುದಿನ ಹುಲ್ಲು ಕೊಯ್ಲು ಶುರುವಾಯಿತು. ಎಡ್ಗರನೂ ಹೋದ, ಹೋಗಬಾರದೆಂಬ ಠರಾವು ಇರಲಿಲ್ಲವಲ್ಲ.